ಸಾಹಿತ್ಯ ಪರಿಭಾಷೆ ಮತ್ತು ಕಥಾರಚನೆ: ವಿಜಯಪುರ ಜಿಲ್ಲೆಯ ಇಂಗ್ಲಿಷ್ ತರಗತಿಗಳಲ್ಲಿ

ಸಾಹಿತ್ಯ ಪರಿಭಾಷೆ ಮತ್ತು ಕಥಾರಚನೆಯ ಪುನರಾವರ್ತನೆ ಎಂಬುದು ಪಠ್ಯದ ಕಥೆ, ಕವಿತೆ, ನಾಟಕಗಳನ್ನು ಓದಿ ಮುಗಿಸಿದ ಮೇಲೆ ಅವುಗಳ ಕಟ್ಟನ್ನೂ ನುಡಿಯ ಬೆಡಗನ್ನೂ ಗುರುತಿಸುವ ಪದಗಳನ್ನು ಇಂಗ್ಲಿಷ್ ತರಗತಿಯಲ್ಲಿ ಮತ್ತೊಮ್ಮೆ ಕ್ರಮವಾಗಿ ನೋಡುವ ಬೋಧನಾಭಾಗ. ಪ್ಲಾಟ್, ಸೆಟ್ಟಿಂಗ್, ಕ್ಯಾರೆಕ್ಟರ್, ಥೀಮ್, ಕ್ಲೈಮ್ಯಾಕ್ಸ್ ಮೊದಲಾದವು ಕಥಾರಚನೆಗೆ ಸೇರಿದ ಪದಗಳು. ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್, ಅಲಿಟರೇಶನ್, ಹೈಪರ್ಬೋಲಿ ಮೊದಲಾದವು ಅಲಂಕಾರಕ್ಕೆ ಸೇರಿದವು. ಕನ್ನಡ ಮಾಧ್ಯಮದ ವಿದ್ಯಾರ್ಥಿ ಇವುಗಳಲ್ಲಿ ಹಲವನ್ನು ಎರಡು ಸಲ ಕಲಿಯುತ್ತಾನೆ, ಕನ್ನಡ ವ್ಯಾಕರಣದ ಪಾಠದಲ್ಲಿ ಒಮ್ಮೆ, ಇಂಗ್ಲಿಷ್ ಪಾಠದಲ್ಲಿ ಇನ್ನೊಮ್ಮೆ. ಎರಡೂ ಕಡೆಯ ಪದಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳ ಶಾಲೆಗಳನ್ನು ಕಣ್ಣಮುಂದಿಟ್ಟುಕೊಂಡು ಈ ಲೇಖನ ಆ ಪದಗಳ ಮೂಲ, ಅರ್ಥ, ಬಳಕೆಗಳನ್ನು ವಿವರಿಸುತ್ತದೆ.

ಮೂಲ

ಇಂಗ್ಲಿಷ್ ತರಗತಿಯ ಪದಗಳು ಒಂದೇ ಕಾಲದವಲ್ಲ. ಕಥೆಗೆ ಆದಿ, ಮಧ್ಯ, ಅಂತ್ಯಗಳಿರಬೇಕು ಎಂಬ ಮಾತು ಕ್ರಿ.ಪೂ. 4ನೆಯ ಶತಮಾನದ ಅರಿಸ್ಟಾಟಲನ ಕಾವ್ಯಮೀಮಾಂಸೆಯಿಂದ ಬಂದುದು. ದುರಂತ ನಾಟಕದ ಆರು ಅಂಗಗಳಲ್ಲಿ ಆತ ಮೊದಲ ಸ್ಥಾನ ಕೊಟ್ಟದ್ದು ಪಾತ್ರಕ್ಕಲ್ಲ, ಘಟನೆಗಳ ಜೋಡಣೆಗೆ. ಕಪ್ಪುಹಲಗೆಯ ಮೇಲೆ ಇಂದು ಬೆಟ್ಟದ ಆಕಾರದಲ್ಲಿ ಬರೆಯುವ ಐದು ಹಂತಗಳ ಚಿತ್ರ ಬಹಳ ಈಚಿನದು. ಜರ್ಮನ್ ಲೇಖಕ ಗುಸ್ಟಾಫ್ ಫ್ರೈಟಾಗ್ 1863ರಲ್ಲಿ ಪ್ರಕಟಿಸಿದ ನಾಟಕತಂತ್ರದ ಗ್ರಂಥ ಅದರ ತವರು. ಚಪ್ಪಟೆ ಪಾತ್ರ, ದುಂಡು ಪಾತ್ರ ಎಂಬ ವಿಂಗಡಣೆಯೂ, ಬರಿಯ ಕಥೆಗೂ ಕಾರಣಗಳಿಂದ ಹೆಣೆದ ಸಂವಿಧಾನಕ್ಕೂ ಇರುವ ವ್ಯತ್ಯಾಸದ ವಿವರಣೆಯೂ ಇ.ಎಂ. ಫಾರ್ಸ್ಟರ್ 1927ರಲ್ಲಿ ಕಾದಂಬರಿಯ ಕುರಿತು ಮಾಡಿದ ಉಪನ್ಯಾಸಗಳಿಂದ ಬಳಕೆಗೆ ಬಂದವು.

ಭಾರತೀಯ ಪರಂಪರೆಯಲ್ಲಿ ಇದೇ ಕೆಲಸವನ್ನು ಭರತನ ನಾಟ್ಯಶಾಸ್ತ್ರ ಮಾಡುತ್ತದೆ. ಅದರ ಪ್ರಕಾರ ಇತಿವೃತ್ತಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳಿವೆ. ನಾಯಕನ ಪ್ರಯತ್ನಕ್ಕೆ ಪ್ರಾರಂಭದಿಂದ ಫಲಾಗಮದವರೆಗೆ ಐದು ಅವಸ್ಥೆಗಳಿವೆ. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥವೇ ಅಲಂಕಾರಶಾಸ್ತ್ರಕ್ಕೆ ಸೇರಿದ್ದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಸುಮಾರು ಕ್ರಿ.ಶ. 850ರಲ್ಲಿ ರಚಿತವಾದ ಕವಿರಾಜಮಾರ್ಗ ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿ ಅಲಂಕಾರಗಳನ್ನು ನಿರೂಪಿಸುತ್ತದೆ. ಧ್ವನಿಯನ್ನೂ ಒಂದು ಅಲಂಕಾರವೆಂದೇ ಎಣಿಸುತ್ತದೆ. ಭಾರತೀಯ ಮೀಮಾಂಸೆಯ ಪದಗಳನ್ನು ಹೊಸಗನ್ನಡದಲ್ಲಿ ಒಂದೆಡೆ ಕೂಡಿಸಿ ಖಚಿತಗೊಳಿಸಿದ ಗ್ರಂಥ ತೀ.ನಂ. ಶ್ರೀಕಂಠಯ್ಯ ಅವರ ‘ಭಾರತೀಯ ಕಾವ್ಯಮೀಮಾಂಸೆ’ (1953).

ಪ್ರದೇಶ

ಈ ನಾಲ್ಕು ತಾಲ್ಲೂಕುಗಳಿಗೆ ಪಾಠಶಾಲೆಯ ನೆನಪು ಹಳೆಯದು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ವಿದ್ಯಾಶಾಲೆಯನ್ನೂ, ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ಮೀಸಲಾದ 27 ವಸತಿಗಳನ್ನೂ ಕ್ರಿ.ಶ. 945ರ ಶಾಸನ ಹೇಳುತ್ತದೆ. ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ. ವಿಜಯಪುರವನ್ನು ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ದಖನಿ ಹಾಡುಗಳ ಸಂಕಲನಕ್ಕೆ ‘ಕಿತಾಬ್-ಎ-ನವರಸ್’ ಎಂದು ಹೆಸರಿಟ್ಟ. ಭರತನ ಪರಂಪರೆಯ ರಸವೆಂಬ ಪದ ಹೀಗೆ ಸುಲ್ತಾನನ ಪುಸ್ತಕದ ಹೊದಿಕೆಗೂ ಏರಿತು.

ಆಧುನಿಕ ಇಂಗ್ಲಿಷ್ ಬೋಧನೆ ಇಲ್ಲಿಗೆ ಬಂದದ್ದು ಮುಂಬಯಿ ಇಲಾಖೆಯ ಮೂಲಕ. 1956ರ ನವೆಂಬರ್ 1ರವರೆಗೆ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಪ್ರೌಢಶಾಲೆಯ ಗುರಿ 1857ರಲ್ಲಿ ಸ್ಥಾಪನೆಯಾದ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಯಾಗಿತ್ತು. ಅದೇ ಇಲಾಖೆಯಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಡೆಪ್ಯುಟಿ ಚನ್ನಬಸಪ್ಪನವರು ಶೇಕ್ಸ್‌ಪಿಯರನ ಹಾಸ್ಯನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಗದ್ಯಕ್ಕೆ ತಂದರು. ನಾಟಕದ ಅಂಕಗಳನ್ನು ಬಿಡಿಸಿ ಕಥೆಯ ಹಂದರವನ್ನಷ್ಟೇ ಉಳಿಸಿಕೊಳ್ಳುವ ಈ ಕೆಲಸ ಇಂದಿನ ತರಗತಿಯ ‘ಕಥಾಸಾರ’ದ ಅಭ್ಯಾಸಕ್ಕೆ ಹತ್ತಿರವಾದುದು. ವಿಜಯಪುರದಲ್ಲಿ 1910ರಲ್ಲಿ ಆರಂಭವಾದ ಬಿ.ಎಲ್.ಡಿ.ಇ. ಸಂಸ್ಥೆ, ಅದನ್ನು ಕಟ್ಟಿದ ಫ.ಗು. ಹಳಕಟ್ಟಿ ಅವರ ಹೆಸರಿನೊಂದಿಗೆ, ಜಿಲ್ಲೆಯ ಶಿಕ್ಷಣದ ಇತಿಹಾಸದಲ್ಲಿ ಮುಖ್ಯವಾದುದು.

1981ರಲ್ಲಿ ಸಲ್ಲಿಕೆಯಾದ ವಿ.ಕೃ. ಗೋಕಾಕ್ ಸಮಿತಿಯ ವರದಿ ಮತ್ತು 1982ರ ಚಳವಳಿಯ ತರುವಾಯ ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಗಟ್ಟಿಯಾಯಿತು. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆ, ಹಿಂದಿ ತೃತೀಯ. ಅದೇ ದ್ವಿತೀಯ ಭಾಷೆಯ ಪುಸ್ತಕದಲ್ಲಿ ಗೋಕಾಕರೇ ಇಂಗ್ಲಿಷಿನಲ್ಲಿ ಬರೆದ ಭಾರತದ ಕುರಿತ ಕವಿತೆ ಪಾಠವಾಗಿದೆ ಎಂಬುದು ಒಂದು ಸೊಗಸಾದ ಕಾಕತಾಳೀಯ.

ಕಥೆಯ ರಚನೆ

ಪ್ಲಾಟ್ ಎಂಬುದಕ್ಕೆ ಕನ್ನಡದಲ್ಲಿ ಕಥಾಸಂವಿಧಾನ, ಕಥಾನಕ, ಕಥಾಹಂದರ, ವಸ್ತು ಎಂಬ ಪದಗಳು ಬಳಕೆಯಲ್ಲಿವೆ. ಇವುಗಳಲ್ಲಿ ‘ವಸ್ತು’ವನ್ನು ಎಚ್ಚರದಿಂದ ಬಳಸಬೇಕು. ಧನಂಜಯನ ದಶರೂಪಕದಲ್ಲಿ ವಸ್ತು ಎಂದರೆ ಸಂವಿಧಾನವೇ. ಹೊಸಗನ್ನಡ ವಿಮರ್ಶೆಯಲ್ಲಿ ಅದು ಕೃತಿಯ ವಿಷಯ, ಅಂದರೆ ಥೀಮ್ ಎಂಬ ಅರ್ಥಕ್ಕೆ ಸರಿದಿದೆ. ಒಂದೇ ಪದ ಎರಡು ಕಡೆ ನಿಂತರೆ ವಿದ್ಯಾರ್ಥಿ ‘ಕಥೆಯಲ್ಲಿ ಏನಾಯಿತು’ ಎಂಬ ಪ್ರಶ್ನೆಗೆ ‘ಧೈರ್ಯದ ಮಹತ್ವ’ ಎಂದು ಉತ್ತರಿಸುತ್ತಾನೆ. ಈ ಲೇಖನದಲ್ಲಿ ಪ್ಲಾಟ್‌ಗೆ ಸಂವಿಧಾನ, ಥೀಮ್‌ಗೆ ಆಶಯ, ಸೆಟ್ಟಿಂಗ್‌ಗೆ ದೇಶಕಾಲ, ಕಾನ್‌ಫ್ಲಿಕ್ಟ್‌ಗೆ ಸಂಘರ್ಷ ಎಂಬ ಪದಗಳನ್ನು ಇಟ್ಟುಕೊಂಡಿದೆ. ‘ಸಂಧಿ’ಗೂ ಇದೇ ಗತಿ: ನಾಟ್ಯಶಾಸ್ತ್ರದಲ್ಲಿ ಅದು ಇತಿವೃತ್ತದ ಕೀಲು, ಕುಮಾರವ್ಯಾಸನಲ್ಲಿ ಕಾವ್ಯದ ಅಧ್ಯಾಯ, ಶಾಲೆಯ ವ್ಯಾಕರಣದಲ್ಲಿ ಎರಡು ಅಕ್ಷರಗಳ ಕೂಡಿಕೆ. ತರಗತಿಯಲ್ಲಿ ಮೂರನೆಯ ಅರ್ಥ ಉಳಿದೆರಡನ್ನು ನುಂಗಿಬಿಟ್ಟಿದೆ.

ಸಂವಿಧಾನದ ಐದು ಹಂತಗಳು ಪ್ರಸ್ತಾವನೆ, ಏರುನಡೆ, ಪರಾಕಾಷ್ಠೆ, ಇಳಿನಡೆ, ಮುಕ್ತಾಯ. ರಾಜ್ಯ ಪಠ್ಯಕ್ರಮದ ಹತ್ತನೆಯ ತರಗತಿಯ ಪುಸ್ತಕದಲ್ಲಿರುವ ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಇದಕ್ಕೆ ಸರಾಗವಾಗಿ ಒಗ್ಗುತ್ತದೆ. ಹುಲಿಯನ್ನು ಎದುರಿಸಿದ ಹಳ್ಳಿಹುಡುಗನ ಸುದ್ದಿಯನ್ನು ಬಾಲಕ ಸ್ವಾಮಿಯ ತಂದೆ ಪತ್ರಿಕೆಯಲ್ಲಿ ಓದುವುದು ಪ್ರಸ್ತಾವನೆ. ಧೈರ್ಯದ ಬಗ್ಗೆ ವಾದ ನಡೆದು, ಅಜ್ಜಿಯ ಪಕ್ಕದಲ್ಲಿ ಮಲಗುವ ಸ್ವಾಮಿ ತಂದೆಯ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಬೇಕಾಗಿ ಬರುವುದು, ಬೆಂಚಿನ ಕೆಳಗೆ ಸೇರಿ ಹುಲಿಯ ಕನಸು ಕಾಣುವುದು ಏರುನಡೆ. ಕತ್ತಲಲ್ಲಿ ಚಲಿಸಿದ್ದನ್ನು ದೆವ್ವವೆಂದು ತಿಳಿದು ಅದರ ಕಾಲಿಗೆ ಹಲ್ಲೂರುವುದು ಪರಾಕಾಷ್ಠೆ. ಅದು ಕಳ್ಳನ ಕಾಲೆಂದು ತಿಳಿದು ಶಾಲೆಯಲ್ಲೂ ಪೊಲೀಸರಿಂದಲೂ ಹೊಗಳಿಕೆ ಬರುವುದು ಇಳಿನಡೆ. ಆ ರಾತ್ರಿ ಅವನು ಮತ್ತೆ ಅಜ್ಜಿಯ ಪಕ್ಕಕ್ಕೇ ಸೇರುವುದು ಮುಕ್ತಾಯ.

ಎಲ್ಲ ಪಾಠಗಳೂ ಹೀಗೆ ಬೆಟ್ಟ ಹತ್ತಿ ಇಳಿಯುವುದಿಲ್ಲ. ಹುವಾನ್ ಸೆಡಿಲ್ಲೊ ಬರೆದ ‘ಜಂಟಲ್‌ಮನ್ ಆಫ್ ರಿಯೊ ಎನ್ ಮೆಡಿಯೊ’ದಲ್ಲಿ ಮುದುಕ ಡಾನ್ ಅನ್ಸೆಲ್ಮೊ ಭೂಮಿಯನ್ನು ಮಾರುತ್ತಾನೆ, ಅದರಲ್ಲಿನ ಮರಗಳು ಊರಿನ ಮಕ್ಕಳಿಗೆ ಸೇರಿದವು ಎನ್ನುತ್ತಾನೆ; ಸಂಘರ್ಷವಿದೆ, ಜಗಳವಿಲ್ಲ. ರೈಲುಹಳಿಯ ಬಳಿ ಬಿದ್ದಿದ್ದ ತರುಣಿಯನ್ನು ಉಳಿಸಿದ ಯುವಕನ ಕುರಿತ ಡೆಬೊರಾ ಕೌಲಿಯ ಪಾಠ ನಡೆದ ಘಟನೆಯ ವರದಿ. ಕಲ್ಪಿತ ಕಥೆಯ ಹಂತಗಳನ್ನು ಅದಕ್ಕೆ ಹೊಂದಿಸಬಹುದಾದರೂ ಅದನ್ನು ಸಣ್ಣಕಥೆ ಎನ್ನಲಾಗದು.

ಪರಾಕಾಷ್ಠೆಯ ಅರ್ಥ ತರಗತಿಯಲ್ಲಿ ಜಾರಿದೆ. ಫ್ರೈಟಾಗನಲ್ಲಿ ಅದು ಐದು ಅಂಕಗಳ ನಾಟಕದ ನಡುವೆ ಬರುವ ತಿರುವು, ಅಲ್ಲಿಂದ ನಾಯಕನ ಅದೃಷ್ಟ ಬೀಳತೊಡಗುತ್ತದೆ. ಶಾಲೆಯ ಬಳಕೆಯಲ್ಲಿ ಕಥೆಯ ಕೊನೆಯ ಹತ್ತಿರ ಬರುವ ಅತಿ ಬಿಗಿಯಾದ ಗಳಿಗೆಗೆ, ಸಿನಿಮಾದವರ ‘ಕ್ಲೈಮ್ಯಾಕ್ಸ್’ಗೆ, ಅದು ಅಂಟಿಕೊಂಡಿದೆ. ಐದು ಸಂಧಿಗಳನ್ನು ಫ್ರೈಟಾಗನ ಐದು ಹಂತಗಳಿಗೆ ಒಂದಕ್ಕೊಂದರಂತೆ ಜೋಡಿಸುವ ಪಟ್ಟಿಗಳೂ ಸರಿಯಲ್ಲ. ಭರತನ ಇತಿವೃತ್ತ ಫಲಪ್ರಾಪ್ತಿಯ ಕಡೆಗೆ ನಡೆಯುತ್ತದೆ. ಫ್ರೈಟಾಗನ ಚಿತ್ರ ಪತನದಿಂದ ಮುಗಿಯುವ ದುರಂತಕ್ಕಾಗಿ ಬರೆದುದು. ಸಂಖ್ಯೆ ಒಂದೇ ಎಂಬುದರ ಹೊರತು ಅವುಗಳಲ್ಲಿ ಹೆಚ್ಚಿನ ಸಾಮ್ಯವಿಲ್ಲ.

ಕಥೆಯೊಳಗೆ ಕಥೆ ಬರುವ ಚೌಕಟ್ಟಿನ ರಚನೆ ಇಲ್ಲಿಯ ಮಕ್ಕಳಿಗೆ ಹೊಸದಲ್ಲ. ಮನೆಯ ಅಜ್ಜಿ ಹೇಳುವ ಕಥೆಗೆ ಕೇಳುವವರು ‘ಹ್ಞೂಂ’ಗುಟ್ಟಲೇಬೇಕು, ಹೇಳುವವಳು, ಕೇಳುವವರು, ಕಥೆ ಎಂಬ ಮೂರು ನೆಲೆಗಳು ಅಲ್ಲೇ ಸ್ಪಷ್ಟ. ಗಿರೀಶ ಕಾರ್ನಾಡರ ‘ನಾಗಮಂಡಲ’ (1988) ಈ ತಂತ್ರವನ್ನು ರಂಗಕ್ಕೆ ತಂದ ನಾಟಕ. ಸಂಘರ್ಷಕ್ಕೂ ಹತ್ತಿರದ ಉದಾಹರಣೆಯಿದೆ. ಇಂಡಿ ಭಾಗದ ಲಾವಣಿ ಮೇಳಗಳ ಹರದೇಶಿ–ನಾಗೇಶಿ ವಾಗ್ವಾದದಲ್ಲಿ ಒಂದು ಮೇಳ ಸವಾಲು ಹಾಡಿದರೆ ಇನ್ನೊಂದು ಜವಾಬು ಹಾಡುತ್ತದೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದ ರಾತ್ರಿಯಿಡೀ ಏರುತ್ತ ಹೋಗುತ್ತದೆ. ಹಲಸಂಗಿಯ ಖಾಜಾಭಾಯಿ ಈ ಪರಂಪರೆಯ ಹೆಸರಾಂತ ಲಾವಣಿಕಾರ.

ಪಾತ್ರ ಮತ್ತು ನಿರೂಪಣೆ

ಪ್ರೊಟಾಗನಿಸ್ಟ್ ಎಂದರೆ ಕಥೆಯ ಮುಖ್ಯಪಾತ್ರ. ಹೀರೋ ಎಂದರೆ ವೀರ. ಕನ್ನಡದ ‘ನಾಯಕ’ ಎರಡನ್ನೂ ಹೊರುತ್ತದೆ. ‘ಎ ಹೀರೋ’ದ ಹಾಸ್ಯ ನಿಂತಿರುವುದೇ ಈ ಬಿರುಕಿನ ಮೇಲೆ: ಸ್ವಾಮಿ ಮುಖ್ಯಪಾತ್ರ, ಆದರೆ ವೀರನಲ್ಲ, ಲೋಕ ಮಾತ್ರ ವೀರನೆನ್ನುತ್ತದೆ. ಶೀರ್ಷಿಕೆಯನ್ನು ‘ನಾಯಕ’ ಎಂದು ಅನುವಾದಿಸಿದರೆ ಐರನಿ ಮಾಯವಾಗುತ್ತದೆ. ಐರನಿಗೆ ವ್ಯಂಗ್ಯ ಎಂಬ ಪದ ರೂಢಿಯಲ್ಲಿದೆಯಾದರೂ ಆಡುಮಾತಿನಲ್ಲಿ ಅದು ಚುಚ್ಚುಮಾತು ಎಂಬ ಅರ್ಥ ಕೊಡುತ್ತದೆ. ಸನ್ನಿವೇಶದ ಐರನಿಗೆ ‘ವಿಪರ್ಯಾಸ’ ಹೆಚ್ಚು ಸರಿ.

ನಿರೂಪಕನನ್ನು ಗುರುತಿಸುವುದರಲ್ಲಿ ಎರಡು ಭಾಷೆಗಳ ವ್ಯಾಕರಣ ಬೇರೆ ಬೇರೆ ಸುಳಿವು ಕೊಡುತ್ತದೆ. ಕನ್ನಡದಲ್ಲಿ ‘ಬಂದೆ’ ಎಂಬ ಒಂದೇ ಕ್ರಿಯಾಪದ ಉತ್ತಮ ಪುರುಷವನ್ನು ತೋರಿಸಿಬಿಡುತ್ತದೆ. ಇಂಗ್ಲಿಷಿನಲ್ಲಿ ಸರ್ವನಾಮವನ್ನೇ ಹುಡುಕಬೇಕು. ಕನ್ನಡ ‘ಎಂದು’ ಅಥವಾ ಈ ಭಾಗದ ‘ಅಂತ’ ಆಡಿದವರ ಮಾತನ್ನು ಇದ್ದಂತೆಯೇ ಒಳಗಿಟ್ಟುಕೊಳ್ಳುತ್ತದೆ. ಇಂಗ್ಲಿಷಿನ ಪರೋಕ್ಷ ಕಥನ ಕಾಲವನ್ನೂ ಸರ್ವನಾಮವನ್ನೂ ಬದಲಿಸುತ್ತದೆ. ಆದ್ದರಿಂದ ಯಾರ ಮಾತು ಎಲ್ಲಿ ಮುಗಿಯಿತು, ನಿರೂಪಕನ ಮಾತು ಎಲ್ಲಿ ಶುರುವಾಯಿತು ಎಂಬುದು ಕನ್ನಡ ಓದುಗನಿಗೆ ಇಂಗ್ಲಿಷ್ ಕಥೆಯಲ್ಲಿ ತೊಡಕಾಗುತ್ತದೆ. ಪ್ರತ್ಯಕ್ಷ–ಪರೋಕ್ಷ ಕಥನದ ವ್ಯಾಕರಣ ಪಾಠವೂ ದೃಷ್ಟಿಕೋನದ ಸಾಹಿತ್ಯ ಪಾಠವೂ ಕೂಡುವ ಜಾಗ ಇದು; ಪುಸ್ತಕಗಳು ಇವನ್ನು ಬೇರೆ ಬೇರೆ ಪುಟಗಳಲ್ಲಿ ಇಡುತ್ತವೆ.

ಅಲಂಕಾರಗಳು

ಸಿಮಿಲಿ ಮತ್ತು ಉಪಮೆ ಹೆಚ್ಚುಕಡಿಮೆ ಒಂದೇ. ಕನ್ನಡದ ವಿಶ್ಲೇಷಣೆ ಮಾತ್ರ ಹೆಚ್ಚು ಸೂಕ್ಷ್ಮ: ಉಪಮೇಯ, ಉಪಮಾನ, ವಾಚಕಪದ, ಸಾಧಾರಣ ಧರ್ಮ ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದಾದರೂ ಬಿಟ್ಟರೆ ಲುಪ್ತೋಪಮೆ. ಇಂಗ್ಲಿಷ್ ತರಗತಿ ‘ಲೈಕ್’, ‘ಆ್ಯಸ್’ ಎಂಬ ವಾಚಕಪದಗಳನ್ನು ಹುಡುಕಿಸಿ ನಿಲ್ಲುತ್ತದೆ. ಶೇಕ್ಸ್‌ಪಿಯರನ ‘ಕ್ವಾಲಿಟಿ ಆಫ್ ಮರ್ಸಿ’ಯಲ್ಲಿ ಕರುಣೆಗೆ ಮಳೆಯ ಹೋಲಿಕೆ ಬಂದಾಗ ನಾಲ್ಕು ಅಂಗಗಳನ್ನು ಬಿಡಿಸಿದರೆ, ಕೆಳಗೆ ಇಳಿಯುವುದು ಸಾಧಾರಣ ಧರ್ಮ ಎಂಬುದು ಹೊಳೆಯುತ್ತದೆ.

ಮೆಟಫರ್‌ಗೆ ರೂಪಕ ಎಂಬುದು ರೂಢ ಪದ. ರೂಪಕಾಲಂಕಾರದಲ್ಲಿ ಉಪಮೇಯ, ಉಪಮಾನಗಳೆರಡೂ ಎದುರಿಗಿದ್ದು ಅವುಗಳಿಗೆ ಅಭೇದ ಹೇಳಬೇಕು. ದೇಹವನ್ನೇ ದೇಗುಲವೆನ್ನುವ ಬಸವಣ್ಣನವರ ಪ್ರಸಿದ್ಧ ವಚನ ಇದಕ್ಕೆ ಮೇಲ್ಮಟ್ಟದ ನಿದರ್ಶನ. ಎ.ಕೆ. ರಾಮಾನುಜನ್ ಅವರ ವಚನಾನುವಾದ ಸಂಕಲನ ‘ಸ್ಪೀಕಿಂಗ್ ಆಫ್ ಶಿವ’ (1973) ಮೂಲಕ ಆ ವಚನ ಇಂಗ್ಲಿಷ್ ಓದುಗರಿಗೂ ಪರಿಚಿತ. ಇಂಗ್ಲಿಷಿನ ಮೆಟಫರ್ ಇನ್ನೂ ಅಗಲವಾದುದು, ಉಪಮೇಯವನ್ನು ಹೇಳದೆ ಉಪಮಾನವನ್ನಷ್ಟೇ ಹೇಳುವುದನ್ನೂ ಒಳಗೊಳ್ಳುತ್ತದೆ. ಅದು ಭಾರತೀಯ ಮೀಮಾಂಸೆಯಲ್ಲಿ ಅತಿಶಯೋಕ್ತಿಯ ಒಂದು ಬಗೆ.

ಅತಿ ಹೆಚ್ಚು ಗೊಂದಲ ಇರುವುದು ಉತ್ಪ್ರೇಕ್ಷೆಯಲ್ಲಿ. ಪತ್ರಿಕೆಯ ಕನ್ನಡದಲ್ಲಿ ಉತ್ಪ್ರೇಕ್ಷೆ ಎಂದರೆ ಇದ್ದುದನ್ನು ಹಿಗ್ಗಿಸಿ ಹೇಳುವುದು, ಆದ್ದರಿಂದ ಹೈಪರ್ಬೋಲಿಗೆ ಸರಿಹೊಂದಿದಂತೆ ಕಾಣುತ್ತದೆ. ಹತ್ತನೆಯ ತರಗತಿಯ ಕನ್ನಡ ವ್ಯಾಕರಣದಲ್ಲಿ ಅದು ಒಂದನ್ನು ಮತ್ತೊಂದೆಂಬಂತೆ ಸಂಭಾವಿಸುವ ಅಲಂಕಾರ. ‘ಏನೋ ಎಂಬಂತೆ’ ಎಂಬುದು ಅದರ ಗುರುತು. ಹೈಪರ್ಬೋಲಿಗೆ ಅತಿಶಯೋಕ್ತಿಯೇ ಹತ್ತಿರದ ಪದ. ಬೆಳಿಗ್ಗೆ ಕನ್ನಡ ಪಾಠದಲ್ಲಿ ಒಂದು ಅರ್ಥ, ಮಧ್ಯಾಹ್ನ ಇಂಗ್ಲಿಷ್ ಪಾಠದಲ್ಲಿ ಇನ್ನೊಂದು ಎಂಬ ಸ್ಥಿತಿ ಒಂದೇ ಶಾಲೆಯಲ್ಲಿ ಒಂದೇ ದಿನ ಉಂಟಾಗುವುದುಂಟು.

ಪರ್ಸಾನಿಫಿಕೇಶನ್ ಎಂದರೆ ಅಚೇತನಕ್ಕೆ ಮನುಷ್ಯಗುಣ ಕೊಡುವುದು. ಕನ್ನಡದಲ್ಲಿ ಚೇತನಾರೋಪ ಅಥವಾ ಮಾನವೀಕರಣ. ಕನ್ನಡದಲ್ಲಿ ಇದು ಕ್ರಿಯಾಪದದ ತುದಿಯಲ್ಲೇ ಕಾಣುತ್ತದೆ. ಜಿಲ್ಲೆಯ ಡೋಣಿ ನದಿಯನ್ನು ಕುರಿತು ‘ಡೋಣಿ ಬಂತು’ ಎಂದರೆ ನದಿ, ‘ಡೋಣಿ ಬಂದಳು’ ಎಂದರೆ ಹೆಣ್ಣು. ಭೂಮಿಯೇ ‘ನಾನು’ ಎಂದು ಮಾತಾಡುವ, ಮರೀನಾ ದೆ ಬೆಲ್ಲಜೆಂಟಾ ಅವರ ‘ಐ ಆ್ಯಮ್ ದ ಲ್ಯಾಂಡ್’ ಪಠ್ಯದಲ್ಲಿನ ನಿದರ್ಶನ. ಸದ್ದಿನ ಅನುಕರಣೆಯನ್ನು ಇಂಗ್ಲಿಷ್ ಪಾಠ ಅಲಂಕಾರವೆಂದು ಎಣಿಸಿದರೆ, ಕನ್ನಡ ವ್ಯಾಕರಣ ದಬದಬ, ಸರಸರಗಳನ್ನು ಅನುಕರಣಾವ್ಯಯಗಳೆಂದು ಅವ್ಯಯಪ್ರಕರಣಕ್ಕೆ ಸೇರಿಸುತ್ತದೆ.

ಪ್ರಾಸ

ರೈಮ್ ಎಂದರೆ ಸಾಲುಗಳ ಕೊನೆಯ ಉಚ್ಚಾರಸಾಮ್ಯ. ಕನ್ನಡದ ಪ್ರಾಸ ಮೂಲತಃ ಪಾದಗಳ ಎರಡನೆಯ ಅಕ್ಷರದ ಸಾಮ್ಯ. ಅಂತ್ಯಪ್ರಾಸಕ್ಕೆ ಹೊಸಗನ್ನಡದಲ್ಲಿ ಹೆಚ್ಚು ಬಳಕೆ ಬಂತು. ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ (1931) ಕೃತಿಯ ತ್ರಿಪದಿಗಳನ್ನು ಕೇಳಿ ಬೆಳೆದ ಕಿವಿಗೆ ಈ ಎರಡನೆಯ ಅಕ್ಷರವೇ ಸಹಜ.

ಡೋಣಿ ನದಿಯ ದಂಡೆಯ ಎರೆಭೂಮಿಯಲ್ಲಿ ಚಾಲ್ತಿಯಲ್ಲಿರುವ ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಹಲವು ಪದಗಳನ್ನು ಒಟ್ಟಿಗೆ ವಿವರಿಸಲು ಸಾಕು. ಡೋಣಿ–ಓಣಿಗಳಲ್ಲಿ ಎರಡನೆಯ ಅಕ್ಷರ ಒಂದೇ ಆದ್ದರಿಂದ ಕನ್ನಡದ ಲೆಕ್ಕದಲ್ಲಿ ಪ್ರಾಸ. ಇಂಗ್ಲಿಷಿನ ಲೆಕ್ಕದಲ್ಲಿ ಅದು ಸಾಲಿನೊಳಗಿನ ರೈಮ್. ಓಣಿ ತುಂಬ ಜೋಳ ಎಂಬುದು ಹೈಪರ್ಬೋಲಿ. ನದಿ ಹರಿದದ್ದಕ್ಕೂ ಬೆಳೆ ಬಂದದ್ದಕ್ಕೂ ಕಾರಣದ ನಂಟಿರುವುದರಿಂದ, ಫಾರ್ಸ್ಟರನ ಅರ್ಥದಲ್ಲಿ, ನಾಲ್ಕು ಪದಗಳೊಳಗೆ ಒಂದು ಸಂವಿಧಾನವೂ ಇದೆ. ಅಲಿಟರೇಶನ್ ಮಾತ್ರ ಇಲ್ಲ: ಅದಕ್ಕೆ ಪದಗಳ ಮೊದಲ ವ್ಯಂಜನಗಳು ಒಂದಾಗಬೇಕು. ಕನ್ನಡದ ವೃತ್ತ್ಯನುಪ್ರಾಸ, ಛೇಕಾನುಪ್ರಾಸಗಳು ವ್ಯಂಜನ ಎಲ್ಲಿ ಬಂದರೂ ಒಪ್ಪಿಕೊಳ್ಳುವುದರಿಂದ ಅಲಿಟರೇಶನ್‌ಗೆ ಬರಿಯ ‘ಅನುಪ್ರಾಸ’ ಎಂದರೆ ಅಳತೆ ಸಡಿಲವಾಗುತ್ತದೆ.

ಕನ್ನಡ ಬರೆದಂತೆ ಓದುವ ಭಾಷೆ. ಹೀಗಾಗಿ ರೈಮ್ ಸ್ಕೀಮ್ ಗುರುತಿಸುವಾಗ ವಿದ್ಯಾರ್ಥಿಗಳು ಕಾಗುಣಿತವನ್ನು ನೋಡುತ್ತಾರೆ. ಬರಹದಲ್ಲಿ ಒಂದೇ ತುದಿಯಿರುವ ‘ಲವ್’, ‘ಮೂವ್’ಗಳನ್ನು ಪ್ರಾಸವೆಂದು ಬರೆಯುತ್ತಾರೆ. ಕವಿತೆಯನ್ನು ಗಟ್ಟಿಯಾಗಿ ಓದಿಸುವುದೇ ಇದಕ್ಕೆ ಪರಿಹಾರ.

ಪರೀಕ್ಷೆ

ಎಸ್‌.ಎಸ್‌.ಎಲ್‌.ಸಿ. ದ್ವಿತೀಯ ಭಾಷೆ ಇಂಗ್ಲಿಷಿಗೆ ಲಿಖಿತ ಪರೀಕ್ಷೆಯ 80, ಆಂತರಿಕ ಮೌಲ್ಯಮಾಪನದ 20, ಒಟ್ಟು 100 ಅಂಕಗಳು. ಪ್ರಶ್ನೆಪತ್ರಿಕೆ ಕಥಾರಚನೆಯನ್ನು ಬಹುಮಟ್ಟಿಗೆ ಪರೋಕ್ಷವಾಗಿ ಪರೀಕ್ಷಿಸುತ್ತದೆ. ಪಾಠದ ಮಾತೊಂದನ್ನು ಕೊಟ್ಟು ಯಾರು, ಯಾರಿಗೆ, ಯಾವಾಗ ಹೇಳಿದರೆಂದು ಕೇಳುವುದು ಪಾತ್ರ ಮತ್ತು ನಿರೂಪಣೆಯ ಪರೀಕ್ಷೆ. ಸುಳಿವುಗಳನ್ನು ಕೊಟ್ಟು ಕಥೆ ಬೆಳೆಸಿ ಎನ್ನುವುದು ಸಂವಿಧಾನದ ಪರೀಕ್ಷೆ. ಈ ಸುಳಿವುಗಳು ಐದು ಹಂತಗಳ ಬಿಡಿ ಎಲುಬುಗಳೇ. ಪದಗಳ ವ್ಯಾಖ್ಯೆಯನ್ನು ಕಂಠಪಾಠ ಮಾಡಿದವರಿಗಿಂತ ಅವುಗಳ ಕೆಲಸ ತಿಳಿದವರಿಗೆ ಇಲ್ಲಿ ಅನುಕೂಲ. ಜನವರಿ–ಫೆಬ್ರುವರಿಯ ಪೂರ್ವಸಿದ್ಧತಾ ಪರೀಕ್ಷೆಗಳ ಹೊತ್ತಿಗೆ ನಡೆಯುವ ವಿಶೇಷ ತರಗತಿಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಎಂಬ ಕಿರುಪಠ್ಯ ಮುಂದೆ ಬಂದಾಗ, ಕವಿತೆಯ ಬಾಯಿಪಾಠ, ಪತ್ರಲೇಖನಗಳಿಗೆ ಸಿಗುವಷ್ಟು ಹೊತ್ತು ಅಲಂಕಾರಕ್ಕೆ ಸಿಗುವುದಿಲ್ಲ.

ಗಡಿಯಾಚೆ ಲೆಕ್ಕ ಬೇರೆ. ಇಂಡಿಯ ಕಡೆಯಿಂದ ಗಡಿ ದಾಟಿದರೆ ಸಿಗುವ ಅಕ್ಕಲಕೋಟೆ, ಜತ್ತ ತಾಲ್ಲೂಕುಗಳ ಕನ್ನಡ ಮಾಧ್ಯಮ ಶಾಲೆಗಳು ಮಹಾರಾಷ್ಟ್ರ ಮಂಡಳಿಗೆ ಸೇರಿವೆ. ಅಲ್ಲಿಯ ಹತ್ತನೆಯ ತರಗತಿಯ ಇಂಗ್ಲಿಷ್ ಪರೀಕ್ಷೆಯಲ್ಲಿ ಕವಿತೆಯ ರಸಗ್ರಹಣ ಎಂಬ ಪ್ರಶ್ನೆಯಿದ್ದು ರೈಮ್ ಸ್ಕೀಮ್, ಅಲಂಕಾರ, ಆಶಯಗಳನ್ನು ಹೆಸರಿಸಿಯೇ ಬರೆಯಬೇಕು. ಆಲಮಟ್ಟಿಯ ಜವಾಹರ್ ನವೋದಯ ವಿದ್ಯಾಲಯ, ವಿಜಯಪುರದ ಸೈನಿಕ ಶಾಲೆಗಳು ಕೇಂದ್ರೀಯ ಮಂಡಳಿಯ ಪಠ್ಯವನ್ನು ಅನುಸರಿಸುತ್ತವೆ. ಅಲ್ಲೂ ಕಾವ್ಯತಂತ್ರದ ಹೆಸರು ಕೇಳುವ ವಾಡಿಕೆಯಿದೆ.

ಇಂದಿನ ಸ್ಥಿತಿ

2007–08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಸೇರಿದೆ. ಮೊದಲ ವರ್ಷಗಳಲ್ಲಿ ಕಥೆ, ಹಾಡುಗಳ ಮೂಲಕವೇ ಪಾಠ ನಡೆಯುವುದರಿಂದ ಪಾತ್ರ, ದೇಶಕಾಲಗಳ ಪರಿಚಯ ಹೆಸರಿಲ್ಲದೆ ಮೊದಲೇ ಆಗಿರುತ್ತದೆ. ಶಿಕ್ಷಕರ ತರಬೇತಿಗೆ ಬೆಂಗಳೂರಿನಲ್ಲಿ 1963ರಲ್ಲಿ ಆರಂಭವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಜಿಲ್ಲೆಯ ಏಳು ಶೈಕ್ಷಣಿಕ ವಲಯಗಳಲ್ಲಿ ಈ ನಾಲ್ಕು ತಾಲ್ಲೂಕು ಕೇಂದ್ರಗಳ ವಲಯಗಳಲ್ಲದೆ ಚಡಚಣವೂ ಪ್ರತ್ಯೇಕ ವಲಯ. ಕಬ್ಬು ಕಡಿಯಲೋ ಕಟ್ಟಡ ಕೆಲಸಕ್ಕೋ ಕುಟುಂಬಗಳು ಗುಳೆ ಹೋಗುವ ಹಳ್ಳಿಗಳಲ್ಲಿ ಪಾಠ ತಪ್ಪಿಸಿಕೊಂಡ ಮಕ್ಕಳಿಗೆ ಪುನರಾವರ್ತನೆಯೇ ಮೊದಲ ಪಾಠವಾಗುವುದುಂಟು.

ಪದವಿಪೂರ್ವ ಹಂತದಲ್ಲಿ ಕಥೆಗಳ ವ್ಯಾಪ್ತಿ ಹಿಗ್ಗುತ್ತದೆ. ಪ್ರಥಮ ಪಿಯುಸಿಯಲ್ಲಿ ಜೋಮೊ ಕೆನ್ಯಾಟಾನ ಪ್ರಾಣಿಕಥೆ ಅನ್ಯಾರ್ಥಕಥೆಯ ಪರಿಚಯ ಮಾಡಿಸುತ್ತದೆ, ಪೂರ್ಣಚಂದ್ರ ತೇಜಸ್ವಿಯವರ ಬರಹ ಇಂಗ್ಲಿಷ್ ಉಡುಪಿನಲ್ಲಿ ಮರಳಿ ಬರುತ್ತದೆ. ದ್ವಿತೀಯ ಪಿಯುಸಿಯಲ್ಲಿ ಟಾಲ್‌ಸ್ಟಾಯ್, ಚಿನುವಾ ಅಚೆಬೆ, ಪಿ. ಲಂಕೇಶ್, ಕುವೆಂಪು ಅವರ ಬರಹಗಳಿವೆ. ಪದವಿ ಶಿಕ್ಷಣಕ್ಕೆ ಇಂಡಿಯ ಜಿ.ಆರ್. ಗಾಂಧಿ, ಸಿಂದಗಿಯ ಜಿ.ಪಿ. ಪೋರವಾಲ, ಮುದ್ದೇಬಿಹಾಳದ ಎಂ.ಜಿ.ವಿ.ಸಿ., ಬಸವನ ಬಾಗೇವಾಡಿಯ ಬಸವೇಶ್ವರ ಮಹಾವಿದ್ಯಾಲಯಗಳಿವೆ. ಜಿಲ್ಲೆಯ ಪದವಿ ಕಾಲೇಜುಗಳು 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ, ಮಹಿಳಾ ಕಾಲೇಜುಗಳು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರುತ್ತವೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು 2021–22ರಲ್ಲಿ ಅಳವಡಿಸಿಕೊಂಡ ರಾಜ್ಯ 2024–25ರಿಂದ ಮೂರು ವರ್ಷದ ಪದವಿಗೆ ಮರಳಿದ್ದರಿಂದ ಕೆಲವೇ ವರ್ಷಗಳಲ್ಲಿ ಪದವಿ ಪಠ್ಯಕ್ರಮ ಎರಡು ಸಲ ಬದಲಾಯಿತು. ಪಠ್ಯ ಬದಲಾದರೂ ಗೈಡುಗಳಲ್ಲಿ ಹೈಪರ್ಬೋಲಿಯ ಎದುರಿಗೆ ‘ಉತ್ಪ್ರೇಕ್ಷೆ’ಯೇ ಅಚ್ಚಾಗುತ್ತಿದೆ.